ಸ್ವಿಚ್ ಆರಿಸಿದರೂ ಆರದ ಸೂಜಿಗಲ್ಲು: ಬಾಗಿಲು ಕಾಯೋರು ಯಾರು?

ಒಂದು ಕಾಲಕ್ಕೆ ಎಂ.ಆರ್.ಐ. ಸ್ಕ್ಯಾನಿಂಗ್ ಅಂದರೆ ಬೆಂಗಳೂರು ಬಸ್ಸು ಹತ್ತಲೇಬೇಕಾಗಿತ್ತು. ಈಗ ಜಿಲ್ಲಾ ಕೇಂದ್ರಗಳಿಗೂ ಯಂತ್ರ ಬಂದಿದೆ. ಸೊಂಟ ಹಿಡಿದವರು, ಮಂಡಿ ನೋವಿನವರು, ತಲೆಗೆ ಪೆಟ್ಟು ಬಿದ್ದವರು, ಲಕ್ವ ಹೊಡೆದವರು ಹತ್ತಿರದಲ್ಲೇ ಪರೀಕ್ಷೆ ಮಾಡಿಸಿಕೊಂಡು ಸಂಜೆ ಬಸ್ಸಿಗೆ ಮನೆ ಸೇರಬಹುದು. ಸಂತೋಷದ ವಿಷಯವೇ. ಇಂಥ ಯಂತ್ರದ ಉದ್ಘಾಟನೆಗೆ ದೊಡ್ಡವರು ಬರುತ್ತಾರೆ, ಟೇಪು ಕತ್ತರಿಸುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಟೇಪು ಕಟ್ಟಿದ್ದ ಆ ಬಾಗಿಲನ್ನು ಮಾರನೆ ದಿನದಿಂದ ಕಾಯುವವರು ಯಾರು ಅಂತ ಒಬ್ಬರೂ ಕೇಳುವುದಿಲ್ಲ.

ಕೇಳಬೇಕಾದ್ದು ಅದನ್ನೇ. ಎಂ.ಆರ್.ಐ. ಕೋಣೆಗಳಲ್ಲಿ ದೊಡ್ಡ ಸುದ್ದಿಯಾದ ಸಾವುಗಳನ್ನು ಒಂದೊಂದಾಗಿ ನೋಡುತ್ತಾ ಹೋದರೆ ಕಾಣುವುದು ಇಷ್ಟೆ: ಯಂತ್ರ ಕೆಟ್ಟಿರಲಿಲ್ಲ, ಬಾಗಿಲು ಕೆಟ್ಟಿತ್ತು. ಒಳಗೆ ಹೋಗಬಾರದ ವಸ್ತು ಒಳಗೆ ಹೋಯಿತು, ತಡೆಯಬೇಕಾದವರು ತಡೆಯಲಿಲ್ಲ.

ಮುಂಬಯಿಯ ಆ ಶನಿವಾರ

2018ರ ಜನವರಿ 27, ಶನಿವಾರ. ಮುಂಬಯಿ ಮಹಾನಗರಪಾಲಿಕೆ ನಡೆಸುವ ನಾಯರ್ ಆಸ್ಪತ್ರೆ. ಅಲ್ಲಿ ಸೇರಿಸಿದ್ದ ಬೀಗರ ಮನೆಯ ಹಿರಿಯ ಹೆಂಗಸನ್ನು ನೋಡಲು 32 ವರ್ಷದ ಯುವಕನೊಬ್ಬ ಬಂದಿದ್ದ. ಆಕೆಗೆ ಎಂ.ಆರ್.ಐ. ಮಾಡಿಸಬೇಕು, ಜೊತೆಗೆ ಆಕ್ಸಿಜನ್ ಬೇಕು. ಕಬ್ಬಿಣದ ಸಿಲಿಂಡರನ್ನು ಎತ್ತಿಕೊಂಡವನು ಈ ಯುವಕ. ಒಳಗೆ ತರಬಹುದೇ ಎಂದು ವಿಚಾರಿಸಿದಾಗ ‘ಮಷೀನು ಬಂದ್ ಆಗಿದೆ, ಏನೂ ಆಗಲ್ಲ’ ಎಂಬ ಉತ್ತರ ಬಂತು ಎಂದು ಮನೆಯವರು ಆಮೇಲೆ ಹೇಳಿದರು. ಸಿಲಿಂಡರ್ ಹಿಡಿದು ಹೊಸ್ತಿಲು ದಾಟಿದ ಕೂಡಲೇ ಯಂತ್ರ ಅದನ್ನು ಸೆಳೆದುಕೊಂಡಿತು. ಸಿಲಿಂಡರಿನ ಜೊತೆ ಹಿಡಿದಿದ್ದ ಮನುಷ್ಯನೂ ಹೋದ. ಕೈ ಸಿಕ್ಕಿಕೊಂಡಿತು, ಸಿಲಿಂಡರಿನಿಂದ ಅನಿಲ ನುಗ್ಗಿತು, ನಿಮಿಷಗಳಲ್ಲಿ ಜೀವ ಹೋಯಿತು.

ಪೋಲೀಸರು ನಿರ್ಲಕ್ಷ್ಯದಿಂದಾದ ಸಾವು ಎಂದು ಕೇಸು ಹಾಕಿದರು. ಡಾಕ್ಟರೊಬ್ಬರನ್ನೂ ವಾರ್ಡ್ ಬಾಯನ್ನೂ ಹಿಡಿದರು. ಮಹಾರಾಷ್ಟ್ರ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಹಾಗಂತ ಮುಂಬಯಿಗೆ ಇದು ಹೊಸ ಪಾಠವೂ ಆಗಿರಲಿಲ್ಲ. 2014ರ ನವೆಂಬರಿನಲ್ಲಿ ಅಲ್ಲೇ ಪಕ್ಕದ ನವಿ ಮುಂಬಯಿಯ ಖಾರ್ಘರ್‌ನಲ್ಲಿ, ಟಾಟಾ ಸ್ಮಾರಕ ಕೇಂದ್ರದ ಕ್ಯಾನ್ಸರ್ ಸಂಸ್ಥೆಯಲ್ಲಿ, ಇದೇ ಆಕ್ಸಿಜನ್ ಸಿಲಿಂಡರು ಹೀಗೇ ಒಳಗೆ ಹೋಗಿ ಇಬ್ಬರು ನೌಕರರು ಯಂತ್ರಕ್ಕೂ ಸಿಲಿಂಡರಿಗೂ ನಡುವೆ ಸಿಕ್ಕಿಕೊಂಡಿದ್ದರು. ಬಿಡಿಸಲು ಸುಮಾರು ನಾಲ್ಕು ಗಂಟೆ ಹಿಡಿಯಿತು. ಅಯಸ್ಕಾಂತವನ್ನು ತಕ್ಷಣ ಕೊಲ್ಲಬೇಕಿದ್ದ ತುರ್ತು ಗುಂಡಿ ಆ ಹೊತ್ತಿಗೆ ಕೆಲಸ ಮಾಡಲಿಲ್ಲ ಎಂದು ಆಗಿನ ಪತ್ರಿಕೆಗಳು ಬರೆದವು. ಆ ಇಬ್ಬರೂ ಬದುಕಿದರು. ಮೂರು ವರ್ಷ ಕಳೆದ ಮೇಲೆ ಅದೇ ಮುಂಬಯಿಯಲ್ಲಿ ಇನ್ನೊಬ್ಬ ಬದುಕಲಿಲ್ಲ.

‘ಬಂದ್ ಆಗಿದೆ’ ಅನ್ನುವ ಸುಳ್ಳು

ಜನ ಸಾಯುವುದು ಈ ಒಂದು ಮಾತಿನಿಂದ: ‘ಮಷೀನು ಬಂದ್ ಆಗಿದೆ’. ಫ್ಯಾನು, ಗ್ರೈಂಡರು, ಎಕ್ಸ್‌ರೇ ಯಂತ್ರ ಎಲ್ಲವೂ ಸ್ವಿಚ್ ಆರಿಸಿದರೆ ನಿಲ್ಲುತ್ತವೆ. ಎಂ.ಆರ್.ಐ. ಹಾಗಲ್ಲ.

ಗುಜರಿ ಅಂಗಡಿಯವರ ಹತ್ತಿರ ಒಂದು ಸೂಜಿಗಲ್ಲು ಇರುತ್ತದೆ. ಹಿತ್ತಾಳೆ ಯಾವುದು, ಹಿತ್ತಾಳೆ ಬಣ್ಣ ಹೊಡೆದ ಕಬ್ಬಿಣ ಯಾವುದು ಅಂತ ನೋಡುವುದಕ್ಕೆ. ಎಂ.ಆರ್.ಐ. ಯಂತ್ರದ ಹೊಟ್ಟೆಯಲ್ಲಿ ಇರುವುದೂ ಜಾತಿಯಲ್ಲಿ ಅದೇ, ಬಲದಲ್ಲಿ ಮಾತ್ರ ರಾಕ್ಷಸ. ಸಾಮಾನ್ಯವಾಗಿ ಆಸ್ಪತ್ರೆಗಳಲ್ಲಿರುವುದು 1.5 ಟೆಸ್ಲಾ ಯಂತ್ರ. ಭೂಮಿಯ ಕಾಂತಬಲಕ್ಕೆ ಹೋಲಿಸಿದರೆ ಇದು 30 ಸಾವಿರ ಪಟ್ಟಿಗೂ ಹೆಚ್ಚು. 3 ಟೆಸ್ಲಾ ಯಂತ್ರದ್ದು ಅದರ ಎರಡರಷ್ಟು. ಅದರೊಳಗೆ ನಿಯೋಬಿಯಂ ಮತ್ತು ಟೈಟಾನಿಯಂ ಬೆರೆಸಿದ ತಂತಿಯ ಸುರುಳಿ. ಅದನ್ನು ದ್ರವ ಹೀಲಿಯಂನಿಂದ ಸೊನ್ನೆಗಿಂತ 269 ಡಿಗ್ರಿ ಕೆಳಗೆ ತಣ್ಣಗೆ ಇಟ್ಟಿರುತ್ತಾರೆ. ಅಷ್ಟು ಚಳಿಯಲ್ಲಿ ಆ ತಂತಿಗೆ ವಿದ್ಯುತ್ ತಡೆಯೇ ಇರುವುದಿಲ್ಲ. ಒಮ್ಮೆ ಕರೆಂಟು ಹರಿಯಬಿಟ್ಟರೆ ಸುತ್ತುತ್ತಲೇ ಇರುತ್ತದೆ. ಕೆ.ಇ.ಬಿ.ಯವರು ಲೈನು ತೆಗೆದರೂ ಅಯಸ್ಕಾಂತ ಆರುವುದಿಲ್ಲ. ದೀಪ ಆರಿರಲಿ, ಕಂಪ್ಯೂಟರ್ ಮುಚ್ಚಿರಲಿ, ಭಾನುವಾರ ಇರಲಿ, ಹಬ್ಬದ ರಜೆ ಇರಲಿ, ಅದು ಎಚ್ಚರ. ರಾತ್ರಿ ನೆಲ ಒರೆಸುವುದಕ್ಕೆ ಕಬ್ಬಿಣದ ಬಕೀಟು ಹಿಡಿದು ಬರುವ ಆಯಾಗೂ ಅದು ಎಚ್ಚರ.

ಇನ್ನೊಂದು ಮೋಸ ಇದೆ. ಈ ಸೆಳೆತ ದೂರದಿಂದ ಗೊತ್ತಾಗುವುದಿಲ್ಲ. ಬಾಗಿಲ ಹತ್ತಿರ ನಿಂತರೆ ಕೈಯಲ್ಲಿರುವ ಕಬ್ಬಿಣ ಸುಮ್ಮನೆ ಇರುತ್ತದೆ. ‘ಏನೂ ಇಲ್ವಲ್ಲ’ ಅಂತ ಧೈರ್ಯ ಬರುತ್ತದೆ. ಇನ್ನು ಎರಡು ಹೆಜ್ಜೆ ಇಟ್ಟರೆ ಬಲ ಒಮ್ಮೆಗೇ ಏರುತ್ತದೆ. ಆಗ ಬಿಡಬೇಕೋ ಹಿಡಿಯಬೇಕೋ ಯೋಚಿಸುವಷ್ಟರಲ್ಲಿ ವಸ್ತು ಗುಂಡಿನ ಹಾಗೆ ಹಾರಿರುತ್ತದೆ. ನಡುವೆ ರೋಗಿ ಮಲಗಿದ್ದರೆ ಮುಗಿಯಿತು. 2001ರ ಜುಲೈನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಸ್ಪತ್ರೆಯೊಂದರಲ್ಲಿ ಯಂತ್ರದೊಳಗೆ ಮಲಗಿದ್ದ 6 ವರ್ಷದ ಹುಡುಗ ಸತ್ತದ್ದು ಹೀಗೆ, ಆಗಲೂ ಆಕ್ಸಿಜನ್ ಸಿಲಿಂಡರಿನಿಂದಲೇ. 2021ರ ಅಕ್ಟೋಬರಿನಲ್ಲಿ ದಕ್ಷಿಣ ಕೊರಿಯಾದಲ್ಲಿ ರೋಗಿಯೊಬ್ಬ ಸತ್ತದ್ದೂ ಅದರಿಂದಲೇ. ಜೀವ ಉಳಿಸಲು ತಂದ ಗಾಳಿಯ ಸಿಲಿಂಡರೇ ಯಮದೂತನಾಯಿತು.

ಸಾಯುವವರು ರೋಗಿಗಳಷ್ಟೇ ಅಲ್ಲ

ರೋಗಿಯನ್ನಾದರೂ ನಾಲ್ಕು ಪ್ರಶ್ನೆ ಕೇಳುತ್ತಾರೆ, ಬಟ್ಟೆ ಬದಲಿಸುತ್ತಾರೆ. ಜೊತೆಗೆ ಬಂದವರನ್ನು ಕೇಳುವವರಿಲ್ಲ. ನಾಯರ್ ಆಸ್ಪತ್ರೆಯಲ್ಲಿ ಸತ್ತವನು ನೆಂಟ. 2023ರ ಜನವರಿಯಲ್ಲಿ ಬ್ರೆಜಿಲ್ ದೇಶದ ಸಾವೊ ಪಾಲೊದಲ್ಲಿ ತಾಯಿಯನ್ನು ಸ್ಕ್ಯಾನಿಂಗಿಗೆ ಕರೆತಂದ ಮಗ ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡೇ ಒಳಗೆ ಹೋದ. ಅಯಸ್ಕಾಂತ ಪಿಸ್ತೂಲನ್ನು ಎಳೆಯಿತು, ಗುಂಡು ಹಾರಿ ಅವನ ಹೊಟ್ಟೆಗೇ ಹೊಕ್ಕಿತು, ಮುಂದಿನ ತಿಂಗಳು ತೀರಿಕೊಂಡ. 2025ರ ಜುಲೈನಲ್ಲಿ ನ್ಯೂಯಾರ್ಕ್ ಬಳಿಯ ವೆಸ್ಟ್‌ಬರಿಯಲ್ಲಿ ಹೆಂಡತಿಯ ಮಂಡಿಯ ಸ್ಕ್ಯಾನ್ ಮುಗಿದು, ಆಕೆಯನ್ನು ಎಬ್ಬಿಸಲು 61 ವರ್ಷದ ಗಂಡ ಒಳಗೆ ಹೋದ. ಕೊರಳಲ್ಲಿ ಕಸರತ್ತಿಗೆ ಹಾಕುವ ಸುಮಾರು 9 ಕಿಲೋ ತೂಕದ ಸರಪಳಿ. ಯಂತ್ರ ಅದನ್ನು ಎಳೆದುಕೊಂಡಿತು, ಮಾರನೆ ದಿನ ಪ್ರಾಣ ಹೋಯಿತು.

ನೆಂಟ, ಮಗ, ಗಂಡ. ಮೂವರೂ ಬಂದದ್ದು ತಮ್ಮವರಿಗೆ ಆಸರೆಯಾಗಲು.

ಅಮೆರಿಕದಲ್ಲಿ, ಬ್ರೆಜಿಲ್‌ನಲ್ಲಿ ನೆಂಟರು ಒಳಗೆ ಹೋಗುವುದು ಅಪರೂಪಕ್ಕೊಮ್ಮೆ. ಈ ನಾಡಿನಲ್ಲಿ ಆಸ್ಪತ್ರೆ ನಡೆಯುವುದೇ ನೆಂಟರ ತೋಳಿನ ಮೇಲೆ. ಸ್ಟ್ರೆಚರ್ ತಳ್ಳುವವನು ತಮ್ಮ, ಡ್ರಿಪ್ ಬಾಟಲಿ ಎತ್ತಿ ಹಿಡಿಯುವವಳು ಮಗಳು, ಸಿಲಿಂಡರು ಹೊರುವವನು ಅಳಿಯ. ‘ಸ್ವಲ್ಪ ಹಿಡ್ಕೊಳ್ಳಿ ಯಜಮಾನ್ರೇ’ ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. ಅನ್ನುವ ಧೈರ್ಯವಾದರೂ ಎಲ್ಲಿಂದ ಬರಬೇಕು? ಮಲಗಿರುವುದು ತಮ್ಮ ಮನೆಯವರು. ಆಸ್ಪತ್ರೆ ಉಳಿಸಿಕೊಂಡದ್ದು ಒಂದು ವಾರ್ಡ್ ಬಾಯ್ ಸಂಬಳ. ಆ ಉಳಿತಾಯದ ಬೆಲೆಯನ್ನು ಮುಂಬಯಿಯಲ್ಲಿ ತೆತ್ತವನು 32 ವರ್ಷದ ನೆಂಟ.

ಇನ್ನು ದೊಡ್ಡವರ ಕಥೆ ಬೇರೆ. 2017ರಲ್ಲಿ ಲಖನೌದ ಸರ್ಕಾರಿ ಸಂಸ್ಥೆಯೊಂದಕ್ಕೆ ಸ್ಕ್ಯಾನಿಂಗಿಗೆ ಬಂದ ಮಂತ್ರಿಯೊಬ್ಬರ ಗನ್‌ಮ್ಯಾನ್ ಪಿಸ್ತೂಲಿನ ಸಮೇತ ಒಳಗೆ ನುಗ್ಗಿ, ಪಿಸ್ತೂಲು ಯಂತ್ರಕ್ಕೆ ಅಂಟಿಕೊಂಡಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಯಂತ್ರ ನಿಂತಿತು, ಕಾದಿದ್ದ ಬಡ ರೋಗಿಗಳು ವಾಪಸು ಹೋದರು. ಬಾಗಿಲಲ್ಲಿ ನಿಂತ ಹುಡುಗನಿಗೆ ಮಂತ್ರಿಯ ಗನ್‌ಮ್ಯಾನನ್ನು ತಡೆಯುವ ಅಧಿಕಾರ ಇದ್ದಿದ್ದರೆ? ಅಯಸ್ಕಾಂತಕ್ಕೆ ಮಂತ್ರಿಯೂ ಗೊತ್ತಿಲ್ಲ, ಮಠಾಧೀಶರೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಕಬ್ಬಿಣ ಒಂದೇ.

ಜೇಬಿನಲ್ಲಿ, ಕೊರಳಲ್ಲಿ, ಮೈಯೊಳಗೆ

ಸಿಲಿಂಡರು ಎಲ್ಲರ ಕಣ್ಣಿಗೂ ಕಾಣುತ್ತದೆ. ಕಾಣದೆ ಒಳಗೆ ಹೋಗುವುದು ಬೇಕಾದಷ್ಟಿದೆ. ಹೆಂಗಸರ ತಾಳಿ ಸರಕ್ಕೆ ಸಿಕ್ಕಿಸಿದ ನಾಲ್ಕು ಪಿನ್ನು, ರವಿಕೆಯ ಹುಕ್ಕು, ಜಡೆಯ ಕ್ಲಿಪ್ಪು, ಸೆರಗಿನ ತುದಿಗೆ ಕಟ್ಟಿದ ಬೀಗದ ಕೈ. ಗಂಡಸರ ಬೆಲ್ಟು, ಚಾಕು, ಜೇಬಿನ ಚಿಲ್ಲರೆ. ಈಗಿನ 1 ರೂಪಾಯಿ, 2 ರೂಪಾಯಿ ನಾಣ್ಯಗಳು ಸೂಜಿಗಲ್ಲಿಗೆ ಅಂಟುತ್ತವೆ. ಅಂಗಡಿಯವರು ಗಲ್ಲಾಪೆಟ್ಟಿಗೆಯ ಮುಂದೆಯೇ ಪರೀಕ್ಷೆ ಮಾಡಬಹುದು. ಮೊಬೈಲು, ಗಡಿಯಾರ, ಬ್ಯಾಂಕ್ ಕಾರ್ಡು ಒಳಗೆ ಹೋದರೆ ಕೆಟ್ಟವು. ಅಪ್ಪಟ ಚಿನ್ನ, ಬೆಳ್ಳಿ ಅಂಟುವುದಿಲ್ಲ, ನಿಜ. ಆದರೆ ಈ ಯಂತ್ರ ಚಿತ್ರ ತೆಗೆಯುವಾಗ ರೇಡಿಯೋ ಅಲೆಗಳನ್ನು ಹಾಯಿಸುತ್ತದೆ. ಮೈಮೇಲೆ ಯಾವ ಲೋಹ ಇದ್ದರೂ ಅದು ಕಾದು ಚರ್ಮ ಸುಡಬಹುದು. ಉಡುದಾರ, ತಾಯಿತ, ಕಾಲುಂಗುರ, ಜರಿಯಂಚಿನ ಸೀರೆ ಎಲ್ಲ ಬಿಚ್ಚಿಟ್ಟು ಆಸ್ಪತ್ರೆ ಕೊಟ್ಟ ಬಟ್ಟೆ ಉಡಬೇಕು ಅನ್ನುವುದು ಇದಕ್ಕೇ. ಔಷಧಿಯ ಪಟ್ಟಿ ಅಂಟಿಸಿಕೊಂಡಿದ್ದರೆ ಅದನ್ನೂ ಹೇಳಬೇಕು. ಕೆಲವಕ್ಕೆ ಹಿಂದುಗಡೆ ಲೋಹದ ಹಾಳೆ ಇರುತ್ತದೆ.

ತಾಳಿ ತೆಗೆಯುವುದೆಂದರೆ ಹಳ್ಳಿಯ ಹೆಂಗಸಿಗೆ ಸಣ್ಣ ವಿಷಯವಲ್ಲ. ‘ತೆಗೀರಿ, ಬೇಗ ತೆಗೀರಿ’ ಅಂತ ಗದರಿದರೆ ಆಕೆ ರವಿಕೆಯೊಳಗೆ ಬಚ್ಚಿಟ್ಟುಕೊಂಡು ಮಲಗುತ್ತಾಳೆ. ‘ಅಮ್ಮಾ, ಇದರ ಪಿನ್ನು ಹಾರಿ ಕಣ್ಣಿಗೆ ಹೊಡೆಯಬಹುದು, ಸರ ಕಾದು ಕೊರಳು ಸುಡಬಹುದು, ಅರ್ಧ ಗಂಟೆ ನಿಮ್ಮ ಮಗಳ ಕೈಯಲ್ಲಿ ಇರಲಿ’ ಎಂದರೆ ತೆಗೆದುಕೊಡುತ್ತಾಳೆ. ವ್ಯತ್ಯಾಸ ಎರಡು ನಿಮಿಷದ್ದು.

ಮೈಯೊಳಗಿನದು ಇನ್ನೂ ಸೂಕ್ಷ್ಮ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು, ಮಿದುಳಿನ ರಕ್ತನಾಳಕ್ಕೆ ಕ್ಲಿಪ್ ಹಾಕಿಸಿಕೊಂಡವರು, ಕಿವಿಯೊಳಗೆ ಯಂತ್ರ ಇಡಿಸಿಕೊಂಡವರು ಬಾಯಿಬಿಟ್ಟು ಹೇಳಲೇಬೇಕು. ಹೊಸ ಬಗೆಯ ಪೇಸ್‌ಮೇಕರ್‌ಗಳಲ್ಲಿ ಕೆಲವಕ್ಕೆ ಕಟ್ಟುಪಾಡಿನ ಮೇಲೆ ಸ್ಕ್ಯಾನ್ ಮಾಡಬಹುದು, ಹಳೆಯವಕ್ಕೆ ಅಪಾಯ. ಯಾವುದು ಅಂತ ತಿಳಿಯುವುದು ಆಪರೇಷನ್ ಆದಾಗ ಕೊಟ್ಟ ಕಾರ್ಡಿನಿಂದ. ಮೂಳೆಗೆ ಹಾಕುವ ಟೈಟಾನಿಯಂ ರಾಡು, ಸ್ಕ್ರೂಗಳಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ, ಆದರೂ ಹೇಳಬೇಕು. ಕಾಪರ್-ಟಿ ಹಾಕಿಸಿಕೊಂಡವರು ನಾಚಿಕೆಯಿಂದ ಸುಮ್ಮನಾಗುತ್ತಾರೆ, ಅದನ್ನೂ ಹೇಳಬೇಕು. ಗರ್ಭಿಣಿ ಆಗಿದ್ದರೆ, ಮೂತ್ರಪಿಂಡದ ಕಾಯಿಲೆ ಇದ್ದರೆ ಮೊದಲೇ ತಿಳಿಸಬೇಕು. ಚಿತ್ರ ಸ್ಪಷ್ಟವಾಗಲು ಚುಚ್ಚುವ ಗ್ಯಾಡೋಲಿನಿಯಂ ಔಷಧಿ ಅಂಥವರಿಗೆ ಎಲ್ಲ ಸಲ ಸಲ್ಲುವುದಿಲ್ಲ.

ಲೇತ್ ಮಷೀನಿನವರು, ವೆಲ್ಡಿಂಗ್ ಅಂಗಡಿಯವರು, ಗ್ರೈಂಡಿಂಗ್ ಮಾಡುವವರು ವಿಶೇಷವಾಗಿ ಎಚ್ಚರ ಇರಬೇಕು. ಎಂದೋ ಕಣ್ಣಿಗೆ ಹಾರಿದ ಕಬ್ಬಿಣದ ಚೂರು ನೋವಿಲ್ಲದೆ ಅಲ್ಲೇ ಕೂತಿರಬಹುದು. ಅಯಸ್ಕಾಂತದ ಮುಂದೆ ಆ ಚೂರು ಅಲುಗಾಡಿದರೆ ಕಣ್ಣು ಹೋಗುತ್ತದೆ. ‘ಕಣ್ಣಿಗೆ ಯಾವಾಗಾದರೂ ಕಬ್ಬಿಣ ಬಿದ್ದಿತ್ತಾ?’ ಅನ್ನುವ ಒಂದು ಪ್ರಶ್ನೆ ಸಾಕು. ಅನುಮಾನ ಬಂದರೆ ಮೊದಲು ಒಂದು ಎಕ್ಸ್‌ರೇ ತೆಗೆದು ನೋಡುತ್ತಾರೆ. ಕೈಗಾರಿಕಾ ಪ್ರದೇಶ ಇರುವ ಊರುಗಳಲ್ಲಂತೂ ಈ ಪ್ರಶ್ನೆ ತಪ್ಪಲೇಬಾರದು.

ಬಸ್ಸಿಗೊಬ್ಬ ಕಂಡಕ್ಟರು, ಬಾಗಿಲಿಗೂ ಒಬ್ಬ

ಇಷ್ಟು ಓದಿ ಯಾರೂ ಹೆದರಿ ಸ್ಕ್ಯಾನಿಂಗ್ ಬಿಡಬೇಕಾಗಿಲ್ಲ. ಎಕ್ಸ್‌ರೇ, ಸಿ.ಟಿ.ಯಂಥ ವಿಕಿರಣ ಇದರಲ್ಲಿ ಇಲ್ಲ. ಒಳಗೆ ಡಬ್ಬಿ ಬಡಿದಂಥ ಸದ್ದು ಬರುತ್ತದೆ, ಕಿವಿಗೆ ಹತ್ತಿಯೋ ಮುಚ್ಚಳವೋ ಕೊಡಬೇಕು. ಉಸಿರು ಕಟ್ಟಿದಂತಾದರೆ ಒತ್ತುವುದಕ್ಕೆ ಕೈಗೆ ಒಂದು ಬುರುಡೆ ಕೊಡುತ್ತಾರೆ. ಮೈ ಬಿಸಿಯಾದರೂ ಅದನ್ನೇ ಒತ್ತಬೇಕು. ಕ್ರಮವಾಗಿ ನಡೆಸಿದರೆ ಮನುಷ್ಯನ ಒಳಗನ್ನು ನೋಡಲು ಇಷ್ಟು ಸಾಧುವಾದ ಯಂತ್ರ ಇನ್ನೊಂದು ಸಿಗುವುದು ಕಷ್ಟ. ಕ್ರಮವಾಗಿ ನಡೆಸುವುದು ಅಂದರೇನು ಎಂಬುದೂ ಗುಟ್ಟೇನಲ್ಲ.

ನ್ಯೂಯಾರ್ಕಿನ ಆ ಹುಡುಗ ಸತ್ತ ಮೇಲೆ 2002ರಲ್ಲಿ ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ ಒಂದು ಪದ್ಧತಿ ಹೇಳಿತು. ಜಾಗವನ್ನು ನಾಲ್ಕು ವಲಯ ಮಾಡಿ ಅಂತ. ಒಂದನೆಯದು ಯಾರು ಬೇಕಾದರೂ ಓಡಾಡುವ ಜಾಗ. ಎರಡನೆಯದು ಪ್ರಶ್ನೆ ಕೇಳುವ, ಬಟ್ಟೆ ಬದಲಿಸುವ ಜಾಗ. ಮೂರನೆಯದಕ್ಕೆ ಬೀಗ, ತರಬೇತಿ ಪಡೆದವರ ಜೊತೆಗಲ್ಲದೆ ಯಾರೂ ಹೋಗುವ ಹಾಗಿಲ್ಲ. ನಾಲ್ಕನೆಯದೇ ಯಂತ್ರದ ಕೋಣೆ. ಗುಡಿಯಲ್ಲಿ ಹೊರ ಪ್ರಾಕಾರ, ಒಳ ಪ್ರಾಕಾರ, ನವರಂಗ, ಗರ್ಭಗುಡಿ ಇದ್ದ ಹಾಗೆ. ಗರ್ಭಗುಡಿಗೆ ಕಂಡಕಂಡವರು ನುಗ್ಗುತ್ತಾರೆಯೇ? ಚಪ್ಪಲಿ ಹಾಕಿಕೊಂಡು ಹೋಗುತ್ತಾರೆಯೇ? ‘ಹಳ್ಳಿ ಜನ ಮಾತು ಕೇಳಲ್ಲ’ ಅನ್ನುವ ಆಸ್ಪತ್ರೆ ಮಾಲೀಕರು ಇದಕ್ಕೆ ಉತ್ತರ ಹೇಳಲಿ. ಕಾರಣ ಗೊತ್ತಿದ್ದರೆ ಜನ ಕೇಳುತ್ತಾರೆ. ಕಾರಣ ಹೇಳುವವರಿಲ್ಲ, ಅಷ್ಟೆ.

ಮಾಲೀಕರ ಇನ್ನೊಂದು ಮಾತು: ‘ಇಷ್ಟು ವರ್ಷ ಏನೂ ಆಗಿಲ್ಲ’. ಖಾರ್ಘರ್‌ನಲ್ಲೂ 2014ರ ಆ ದಿನದ ತನಕ ಏನೂ ಆಗಿರಲಿಲ್ಲ. ಮೂರನೆಯ ಮಾತು ಖರ್ಚಿನದು. ಕೋಟಿಗಟ್ಟಲೆ ಸುರಿದು ಯಂತ್ರ ತಂದವರು ಬಾಗಿಲ ಮನುಷ್ಯನ ಸಂಬಳಕ್ಕೆ ಲೆಕ್ಕ ಹಾಕುವುದು ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದಂತೆ. ಒಂದು ಸಿಲಿಂಡರು ಅಂಟಿಕೊಂಡರೆ ಯಂತ್ರದ ರಿಪೇರಿಗೆ, ಹೀಲಿಯಂಗೆ, ನಿಂತುಹೋದ ದಿನಗಳ ವ್ಯಾಪಾರಕ್ಕೆ ಆಗುವ ನಷ್ಟ ಲಕ್ಷಗಳಲ್ಲಿ. ಅಂಗಡಿ ಇಟ್ಟವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಕಂಡಕ್ಟರ್ ಸೀಟಿ ಊದದೆ ಡ್ರೈವರು ಬಸ್ಸು ಎತ್ತುವುದಿಲ್ಲ. ಎಷ್ಟೇ ಲೇಟಾಗಿರಲಿ, ಒಳಗೆ ಯಾರೇ ಕೂತಿರಲಿ. ಎಂ.ಆರ್.ಐ. ಬಾಗಿಲಿಗೂ ಅಂಥ ಒಬ್ಬ ಕಂಡಕ್ಟರು ಬೇಕು. ತರಬೇತಿ ಪಡೆದವನು, ಹಗಲೂ ರಾತ್ರಿಯೂ ಪಾಳಿಯಲ್ಲಿ ಇರುವವನು, ದೊಡ್ಡ ಡಾಕ್ಟರನ್ನೂ ‘ನಿಲ್ಲಿ ಸಾರ್, ಜೇಬು ತೋರಿಸಿ’ ಅನ್ನುವ ಅಧಿಕಾರ ಉಳ್ಳವನು. ಪ್ರಶ್ನೆಯ ಪಟ್ಟಿ ಕನ್ನಡದಲ್ಲಿ ಇರಬೇಕು. ಓದು ಬಾರದವರಿಗೆ ಓದಿ ಹೇಳಬೇಕು. ರೋಗಿಯನ್ನು ಕೇಳಿದ ಹಾಗೆ ಜೊತೆಗೆ ಒಳಹೋಗುವವರನ್ನೂ ಕೇಳಬೇಕು. ಎಲ್ಲೋ ಕೆಳಗೆ ಸಹಿ ಹಾಕಿಸಿಕೊಂಡರೆ ಜೀವ ಉಳಿಯುವುದಿಲ್ಲ; ಬ್ರೆಜಿಲ್‌ನವನೂ ಸಹಿ ಹಾಕಿಯೇ ಒಳಗೆ ಹೋಗಿದ್ದ.

ಆಕ್ಸಿಜನ್ ಗೋಡೆಯ ಕೊಳವೆಯಲ್ಲಿ ಬರಬೇಕು, ಇಲ್ಲವೆ ಈ ಕೋಣೆಗೆಂದೇ ಗುರುತು ಹಾಕಿದ ಅಲ್ಯೂಮಿನಿಯಂ ಸಿಲಿಂಡರು ಇರಬೇಕು. ಸ್ಟ್ರೆಚರು, ವೀಲ್‌ಚೇರು, ಬೆಂಕಿ ಆರಿಸುವ ಡಬ್ಬಿ ಕೂಡ ಅಯಸ್ಕಾಂತಕ್ಕೆ ಅಂಟದ್ದೇ ಆಗಬೇಕು. ಒಳಗಿದ್ದ ರೋಗಿಯ ಉಸಿರು ನಿಂತರೆ ಮೊದಲು ರೋಗಿಯನ್ನು ಹೊರಗೆ ತರಬೇಕು. ಉಪಕರಣಗಳನ್ನು ಒಳಗೆ ಹೊತ್ತುಕೊಂಡು ಓಡಬಾರದು. ಕಾಂತವನ್ನು ಕೊಲ್ಲುವ ತುರ್ತು ಗುಂಡಿ ಯಾವುದು, ಬರೀ ಕರೆಂಟು ತೆಗೆಯುವ ಗುಂಡಿ ಯಾವುದು ಅಂತ ಪಾಳಿಯಲ್ಲಿ ಇರುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಆ ತುರ್ತು ಗುಂಡಿ ಒತ್ತಿದರೆ ಹೀಲಿಯಂ ಕುದಿದು, ಒಂದು ಲೀಟರು 700 ಲೀಟರಿಗೂ ಹೆಚ್ಚು ಅನಿಲವಾಗಿ ಹೊರಡುತ್ತದೆ. ಅದು ಚಾವಣಿಯ ಕೊಳವೆಯಿಂದ ಆಚೆಗೆ ಹೋಗಬೇಕು. ಕೊಳವೆ ಕಟ್ಟಿಕೊಂಡಿದ್ದರೆ ಕೋಣೆಯಲ್ಲಿ ಉಸಿರಾಡುವ ಗಾಳಿಯೇ ಉಳಿಯುವುದಿಲ್ಲ. ಆ ಕೊಳವೆಯಲ್ಲಿ ಪಾರಿವಾಳ ಗೂಡು ಕಟ್ಟಿದೆಯೋ ಏನೋ, ಹತ್ತಿ ನೋಡಿದವರು ಎಷ್ಟು ಜನ?

ಕೇಳುವವರು ಯಾರು?

ಎಕ್ಸ್‌ರೇ, ಸಿ.ಟಿ. ಯಂತ್ರಗಳ ಮೇಲೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಹಿಡಿತ ಇದೆ. ಎಂ.ಆರ್.ಐ.ಯಲ್ಲಿ ವಿಕಿರಣ ಇಲ್ಲವಾದ್ದರಿಂದ ಆ ಮಂಡಳಿಯ ಕಣ್ಣು ಇದರ ಮೇಲೆ ಬೀಳುವುದಿಲ್ಲ. ಹಾಗಾದರೆ ಜಿಲ್ಲೆಯಲ್ಲಿ ಕೇಳುವ ಅಧಿಕಾರ ಯಾರಿಗೂ ಇಲ್ಲವೇ? ಇದೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ಪ್ರಕಾರ ಸ್ಕ್ಯಾನಿಂಗ್ ಸೆಂಟರುಗಳು ನೋಂದಣಿ ಮಾಡಿಸಲೇಬೇಕು. ಆ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ನೋಂದಣಿ, ನವೀಕರಣದ ಹೊತ್ತಿಗೆ ಫೀಜು ಕಟ್ಟಿದ ರಶೀದಿಯ ಜೊತೆ ಬಾಗಿಲನ್ನೂ ನೋಡಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಯಂತ್ರ ನಡೆಸಲು ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟಿರುವ ಕಡೆ ಇನ್ನೂ ಗಟ್ಟಿಯಾಗಿ ನೋಡಲಿ. ಇಲ್ಲದಿದ್ದರೆ ಅನಾಹುತದ ದಿನ ಅವರನ್ನು ಕೇಳಿದರೆ ಇವರು, ಇವರನ್ನು ಕೇಳಿದರೆ ಅವರು. ಕೊನೆಗೆ ಸಿಕ್ಕಿಬೀಳುವವನು ದಿನಗೂಲಿಯ ವಾರ್ಡ್ ಬಾಯ್ ಒಬ್ಬನೇ.

ಇವೆಲ್ಲ ಆಗುವ ತನಕ, ಜಿಲ್ಲಾಧಿಕಾರಿಗಳು ಒಂದು ಕೆಲಸವನ್ನು ನಾಳೆಯೇ ಮಾಡಿಸಬಹುದು. ಪ್ರತಿ ಎಂ.ಆರ್.ಐ. ಬಾಗಿಲಿನ ಮೇಲೆ ಅಂಗೈಯಗಲದ ಕನ್ನಡ ಅಕ್ಷರದಲ್ಲಿ ಒಂದು ಬೋರ್ಡು: ‘ಈ ಅಯಸ್ಕಾಂತ ಹಗಲೂ ರಾತ್ರಿ ಚಾಲೂ ಇರುತ್ತದೆ. ಯಾರು ಹೇಳಿದರೂ ಕಬ್ಬಿಣ ಹಿಡಿದು ಒಳಗೆ ಬರಬೇಡಿ.’ ಬೋರ್ಡು ಬರೆಯುವ ಪೇಂಟರು ಪ್ರತಿ ಊರಲ್ಲೂ ಇದ್ದಾನೆ. ಅವನ ಕೂಲಿ ಕೊಡುವುದಕ್ಕೆ ಯಾವ ಮಂತ್ರಿಯ ಉದ್ಘಾಟನೆಯೂ ಬೇಕಾಗಿಲ್ಲ. ಆಸ್ಪತ್ರೆಗೆ ಹೋಗುವ ಜನರೂ ಒಂದು ಮಾತು ಕಲಿಯಬೇಕು. ಆ ಬಾಗಿಲ ಮುಂದೆ ಯಾರಾದರೂ ‘ಸ್ವಲ್ಪ ಇದನ್ನ ಹಿಡ್ಕೊಂಡು ಒಳಗೆ ಬನ್ನಿ’ ಅಂದರೆ, ‘ಆಗಲ್ಲ, ನೀವೇ ಬಂದು ತೊಗೊಂಡು ಹೋಗಿ’ ಎನ್ನಬೇಕು. ಮರ್ಯಾದೆಗೆ ಅಂಜಿ ಹಿಡಿದರೆ, ಆಮೇಲೆ ಬಿಡುವುದಕ್ಕೆ ಅಯಸ್ಕಾಂತ ಅವಕಾಶ ಕೊಡುವುದಿಲ್ಲ.